ಇಂಡೆಂಟಿನಲ್ಲಿ ‘ವಾಟರ್‌ಕಲರ್ ಪೇಪರ್’ ಅಂತಷ್ಟೇ ಇದ್ದರೆ

ಹೊಸ ಬ್ಯಾಚಿನ ಮೊದಲ ವಾಶ್ ಕ್ಲಾಸು, ಅಂದರೆ ತೆಳು ಜಲವರ್ಣವನ್ನು ಹಾಳೆಯ ಮೇಲೆ ಒಂದೇ ಸಮನೆ ಹರಡುವ ಪಾಠ. ಒಬ್ಬೊಬ್ಬರ ಮುಂದೆಯೂ 36 ಬಣ್ಣದ ಡಬ್ಬಿ, 12 ಬ್ರಶ್ಶಿನ ಕವರು, ಹೊಚ್ಚಹೊಸ ಪ್ಯಾಡು. ಹಾಳೆಗೆ ನೀರು ಸವರಿ, ಮೇಲಿಂದ ಕೆಳಕ್ಕೆ ನೀಲಿ ಇಳಿಸಬೇಕು, ಇಷ್ಟೇ ಕೆಲಸ. ಎರಡನೇ ಪಟ್ಟಿ ಎಳೆಯುವಷ್ಟರಲ್ಲಿ ಹಾಳೆಗಳು ಅಲೆ ಅಲೆಯಾಗಿ ಏಳತೊಡಗಿದವು. ತಗ್ಗಿನಲ್ಲಿ ಬಣ್ಣ ಮಡುಗಟ್ಟಿತು, ದಿಬ್ಬ ಬೋಳಾಗಿ ಉಳಿಯಿತು. ಸರಿಮಾಡೋಣ ಅಂತ ಮತ್ತೊಮ್ಮೆ ಬ್ರಶ್ ಆಡಿಸಿದವರ ಕಾಗದದ ಮೇಲ್ಪದರ ಸಣ್ಣ ಸಣ್ಣ ಉಂಡೆಯಾಗಿ ಕಿತ್ತು ಬಂತು. ಕೋಣೆ ತಣ್ಣಗಾಯಿತು. ‘ನನ್ನ ಕೈಯೇ ಸರಿಯಿಲ್ಲ ಬಿಡಿ’ ಅಂತ ಒಬ್ಬರು ಬ್ರಶ್ ಕೆಳಗಿಟ್ಟರು.

ಆಗ ಎಲ್ಲರಿಗೂ ಸಿಕ್ಕ ಸಲಹೆ: ನೀರು ಕಡಿಮೆ ಮಾಡಿ. ಅದೇ ತಪ್ಪಾಗಿದ್ದು. ನೀರು ಕಡಿಮೆಯಾದ ಕೂಡಲೇ ವಾಶ್ ಅರ್ಧದಲ್ಲೇ ಒಣಗಿ ಪಟ್ಟೆ ಪಟ್ಟೆಯಾಗಿ ನಿಂತಿತು. ಉಬ್ಬಿದ ಹಾಳೆಯ ಮೇಲೆ ಪಟ್ಟೆ ಬೇರೆ. ಇನ್ನಷ್ಟು ನಿಮಿಷ ಹೀಗೆ ಹೆಣಗಾಡಿದ ಮೇಲೆ ಯಾರೋ ಪ್ಯಾಡಿನ ರಟ್ಟು ತಿರುಗಿಸಿ ನೋಡಿದರು. 120 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದಕ್ಕೆ 120 ಗ್ರಾಂ ತೂಕ. ವಾಶ್‌ಗೆ ತೀರಾ ತೆಳು. ಮುಂದುಗಡೆ ದಪ್ಪಕ್ಷರದಲ್ಲಿ ‘ವಾಟರ್‌ಕಲರ್’, ಹಿಂದುಗಡೆ ಇರುವೆಯಷ್ಟು ಚಿಕ್ಕದಾಗಿ ತೂಕ.

ಪರ್ಚೇಸ್‌ನವರನ್ನು ಬೈದು ಪ್ರಯೋಜನವಿಲ್ಲ, ಆದರೂ ಬೈಯಬೇಕು. ರೇಟು ಹೋಲಿಸುವ ಅವರ ಕಂಪೇರಿಟಿವ್ ಶೀಟಿನಲ್ಲಿ ಕಂಪನಿ, ಪೀಸ್, ರೇಟು ಇಷ್ಟಕ್ಕೇ ಕಾಲಂ. ಪೀಸ್ ಜಾಸ್ತಿ ಇದ್ದದ್ದು ಗೆಲ್ಲುತ್ತದೆ. ಅದೇ ಹಣದಲ್ಲಿ ಒಳ್ಳೆಯ ಕಾಗದ, ಏಳು ಟ್ಯೂಬು, ಮೂರು ಬ್ರಶ್ಶು ಬರುತ್ತಿತ್ತು ಅಂದರೆ, ‘ಏಳೇ ಬಣ್ಣಾನಾ?’ ಅಂತ ಕೇಳುತ್ತಾರೆ. ಹಾಗಾಗಿ ಈಗ ಇಂಡೆಂಟಿನ, ಅಂದರೆ ಸಾಮಾನಿನ ಬೇಡಿಕೆ ಪಟ್ಟಿಯ, ಷರಾ ಕಾಲಮ್ಮಿನಲ್ಲೇ ಎಲ್ಲ ತುಂಬಿಸುವುದು: ತೂಕ, ಮೇಲ್ಮೈ, ಪಿಗ್ಮೆಂಟ್ (ಬಣ್ಣದ ಮೂಲ ಪುಡಿ) ನಂಬರು, ಬ್ರಶ್ಶಿನ ಕೂದಲು. ‘ಅಥವಾ ಸಮಾನ’ ಅನ್ನೋ ಪದ ಬರೆಯುವುದೇ ಇಲ್ಲ. ಆ ಒಂದು ಪದದ ಬಾಗಿಲಿಂದಲೇ 120 ಜಿಎಸ್‌ಎಂ ಒಳಗೆ ಬರುವುದು.

ಕಾಗದದಿಂದಲೇ ಶುರುಮಾಡೋಣ. ಹಣ ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬಾರದು. ಜಲವರ್ಣಕ್ಕೆ 300 ಜಿಎಸ್‌ಎಂ, ಕೋಲ್ಡ್ ಪ್ರೆಸ್, ಅಂದರೆ ಮೇಲ್ಮೈ ಸ್ವಲ್ಪ ತರಿಯಾದದ್ದು. ಹಾಟ್ ಪ್ರೆಸ್ ನುಣುಪು. ಬಣ್ಣ ಮೇಲೆಯೇ ಜಾರಾಡಿ ಅಂಚು ಗೆರೆಗಳು ಬೇಡದ ಕಡೆ ಎದ್ದು ಕಾಣುತ್ತವೆ. ರಫ್ ಆದರೆ ಒಣ ಬ್ರಶ್ಶಿನ ಗೆರೆ ಚೆಂದ ಬರುತ್ತದೆ, ಸಣ್ಣ ವಿವರ ಕೂರುವುದಿಲ್ಲ. ಹೊಸಬರಿಗೆ ನಡುವಿನದೇ ಸರಿ. 300ರ ಹಾಳೆಯೂ ಪೂರ್ತಿ ಒದ್ದೆ ಮಾಡಿದರೆ ಸ್ವಲ್ಪ ಏಳುತ್ತದೆ. ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಹಾಕಿ ಬೋರ್ಡಿಗೆ ಅಂಟಿಸಿ, ಚಿಕ್ಕ ಅಳತೆಯಲ್ಲಿ ಕೆಲಸ ಮಾಡಿಸಿದರೆ ತೊಂದರೆಯಿಲ್ಲ. ಇದಕ್ಕಿಂತ ತೆಳುವಾದದ್ದನ್ನು ಮೊದಲು ನೆನೆಸಿ, ಬೋರ್ಡಿಗೆ ಬಿಗಿದು ಒಣಗಿಸಿಕೊಳ್ಳಬೇಕು. ಮೊದಲ ದಿನವೇ ಆ ತಲೆನೋವು ಯಾರಿಗೂ ಬೇಡ.

ತೂಕವೊಂದೇ ಸಾಲದು, ಸೈಜಿಂಗ್ ಕೂಡ ನೋಡಬೇಕು. ಕಾಗದಕ್ಕೆ ಹಾಕಿರುವ ಆ ಅಂಟೇ ಬಣ್ಣವನ್ನು ಒಳಗೆ ಇಳಿಯಲು ಬಿಡದೆ ಮೇಲೆ ಹಿಡಿದು ನಿಲ್ಲಿಸುವುದು. ಮೂಲೆಯಲ್ಲಿ ಒಂದು ಹನಿ ನೀರಿಟ್ಟು ನೋಡಿ. ಹನಿ ಸ್ವಲ್ಪ ಹೊತ್ತು ಗುಂಡಗೆ ಕೂತರೆ ಸರಿ. ಇಟ್ಟ ತಕ್ಷಣ ಮಾಯವಾಗಿ ಹಿಂಬದಿಗೆ ಕಲೆ ಮೂಡಿದರೆ ಆ ಪ್ಯಾಡು ಪೆನ್ಸಿಲ್ ಕೆಲಸಕ್ಕಿರಲಿ. ತೇವದ ಜಾಗದಲ್ಲಿ ಬಹಳ ದಿನ ಬಿದ್ದಿದ್ದ ಒಳ್ಳೆಯ ಕಾಗದದಲ್ಲೂ ಸೈಜಿಂಗ್ ಅಲ್ಲಲ್ಲಿ ಸತ್ತಿರುತ್ತದೆ. ಒಣಹಾಳೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ವಾಶ್ ಎಳೆದಾಗ ಆ ಜಾಗದಲ್ಲಿ ಬಣ್ಣ ಇಳಿದು ಗಾಢವಾದ ಚುಕ್ಕೆಗಳು ಕಾಣುತ್ತವೆ. ಸ್ಟೋರಿನಲ್ಲಿ ಕಾಗದವನ್ನು ಗೋಡೆಗೆ ಒರಗಿಸಿ, ನೆಲದ ಮೇಲೆ ನಿಲ್ಲಿಸುವುದನ್ನು ನಿಲ್ಲಿಸಿ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ.

ನೂರಕ್ಕೆ ನೂರು ಹತ್ತಿಯ ಕಾಗದ ಶುರುವಿಗೇ ಬೇಕಾ? ಅಭ್ಯಾಸಕ್ಕೆ ಸೆಲ್ಯುಲೋಸ್, ಅಂದರೆ ಮರದ ತಿರುಳಿನ ಕಾಗದ, ಸಾಕು. ಆದರೆ ಹತ್ತಿಯ ಹಾಳೆಯಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ, ತಿದ್ದಿದರೂ ತಡೆದುಕೊಳ್ಳುತ್ತದೆ. ಅದಕ್ಕೇ ಪ್ರತಿಯೊಬ್ಬರಿಗೂ ಹತ್ತಿಯ ಒಂದೆರಡು ತುಂಡಾದರೂ ಕೊಟ್ಟು, ಅದೇ ವಾಶ್ ಎರಡರ ಮೇಲೂ ಮಾಡಿಸಬೇಕು. ತಪ್ಪು ಕೈಯದೋ ಕಾಗದದ್ದೋ ಅನ್ನುವುದು ಅವರಿಗೇ ಗೊತ್ತಾಗುತ್ತದೆ.

ಬರೀ ಪೆನ್ಸಿಲ್ ಕೆಲಸವಾದರೆ ಇಷ್ಟೆಲ್ಲ ಬೇಡ. ಒರಟು ಸ್ಕೆಚ್ಚಿಗೆ 90ರಿಂದ 120, ಶೇಡಿಂಗ್ ಮಾಡಿ ಇಟ್ಟುಕೊಳ್ಳುವ ಚಿತ್ರಕ್ಕೆ 150ರಿಂದ 200 ಜಿಎಸ್‌ಎಂ. ಸ್ವಲ್ಪ ತರಿ ಇರಬೇಕು. ಪೂರ್ತಿ ನುಣುಪಾದ ಹಾಳೆಯಲ್ಲಿ ಗ್ರಾಫೈಟ್ ಹಿಡಿಯುವುದಿಲ್ಲ.

ಪೆನ್ಸಿಲ್ ಡಬ್ಬಿಯಲ್ಲಿ 12 ಗ್ರೇಡ್ ಇದ್ದರೂ ಕೈಗೆ ಹತ್ತುವುದು ನಾಲ್ಕು: ಎಚ್‌ಬಿ, 2ಬಿ, 4ಬಿ, 6ಬಿ. ಎಚ್ ಕಡೆಗೆ ಹೋದಷ್ಟೂ ಜೇಡಿ ಜಾಸ್ತಿ, ಬಿ ಕಡೆಗೆ ಗ್ರಾಫೈಟ್ ಜಾಸ್ತಿ. ಹೊಸಬರು ಪೆನ್ಸಿಲನ್ನು ಒತ್ತಿ ಹಿಡಿಯುತ್ತಾರೆ. 4ಎಚ್ ಕೊಟ್ಟರೆ ಕಾಗದದಲ್ಲಿ ಕಾಲುವೆಯೇ ತೋಡುತ್ತಾರೆ. ಆಮೇಲೆ ಅದರ ಮೇಲೆ 4ಬಿ ಶೇಡ್ ಕೊಟ್ಟರೆ ಆ ಕಾಲುವೆ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ, ಬಣ್ಣ ಹಾಕಿದರೆ ಪಿಗ್ಮೆಂಟ್ ಅದರೊಳಗೆ ಕೂತು ಕಪ್ಪು ಗೆರೆಯಾಗುತ್ತದೆ. ಜಲವರ್ಣದ ಕೆಳಗಿನ ಡ್ರಾಯಿಂಗಿಗೆ ಎಚ್‌ಬಿ ಅಥವಾ 2ಬಿ, ಹಗುರ ಕೈಯಲ್ಲಿ. 6ಬಿ ಹಾಕಿದರೆ ಹಳದಿ ವಾಶ್ ಕೊಳೆಯಾಗುತ್ತದೆ. ಶಾರ್ಪನರಿನಲ್ಲಿ ಮೊನೆ ಪದೇ ಪದೇ ಮುರಿಯುತ್ತಿದ್ದರೆ ಸಾಮಾನ್ಯವಾಗಿ ಎರಡು ಕಾರಣ: ಬ್ಲೇಡ್ ಮೊಂಡಾಗಿದೆ, ಇಲ್ಲವೇ ಪೆನ್ಸಿಲ್ ಕೆಳಗೆ ಬಿದ್ದು ಒಳಗಿನ ಕಡ್ಡಿ ತುಂಡಾಗಿದೆ. ಚಾರ್ಕೋಲ್ ಬೇಕಾದರೆ ಬೇರೆ ದಿನ, ಬೇರೆ ಹಾಳೆಯಲ್ಲಿ. ಜಾರುವ ಗ್ರಾಫೈಟಿನ ಮೇಲೆ ಅದು ಕಚ್ಚಿ ಕೂರುವುದಿಲ್ಲ.

ರಬ್ಬರು ಎರಡು ಬಗೆಯವು ಬೇಕು. ಬಿಳಿ ವಿನೈಲ್ ರಬ್ಬರು ಪೂರ್ತಿ ಅಳಿಸಲು, ಹಿಟ್ಟಿನಂತೆ ನಾದುವ ಪುಟ್ಟಿ ರಬ್ಬರು ತಿಳಿಮಾಡಲು. ಪುಟ್ಟಿಯನ್ನು ಉಜ್ಜಬಾರದು, ಒತ್ತಿ ಎತ್ತಬೇಕು. ವಾಶ್‌ಗೆ ಮುಂಚೆ ಗಟ್ಟಿ ರಬ್ಬರಿನಲ್ಲಿ ಉಜ್ಜಿದ ಜಾಗದಲ್ಲಿ ಕಾಗದದ ನಾರು ಎದ್ದಿರುತ್ತದೆ, ಬಣ್ಣ ಬಿದ್ದ ಮೇಲೆ ಅಲ್ಲಿ ಮಸುಕು ಕಲೆ. ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಇನ್ನು ಬಣ್ಣ. 36ರ ಡಬ್ಬಿಯಲ್ಲಿ ಬಹುಪಾಲು ಅವೇ ಕೆಲವು ಪಿಗ್ಮೆಂಟುಗಳ ಮಿಶ್ರಣ, ಜೊತೆಗೆ ಫಿಲ್ಲರ್, ಅಂದರೆ ಬರೀ ತುಂಬಲು ಹಾಕುವ ಪುಡಿ. ಒಂದು ಟ್ಯೂಬಿನಲ್ಲೇ ಮೂರು ಪಿಗ್ಮೆಂಟ್ ಇದ್ದು, ಅಂಥ ಎರಡನ್ನು ಬೆರೆಸಿದರೆ ಪ್ಯಾಲೆಟ್ಟಿನಲ್ಲಿ ಆರು ಸೇರಿ ಕೆಸರಾಗುತ್ತದೆ. ಟ್ಯೂಬಿನ ಹಿಂದೆ ಒಂದೇ ಪಿಗ್ಮೆಂಟ್ ನಂಬರು ಇರುವುದನ್ನು ಆರಿಸಿ. ಹೆಸರನ್ನು ನಂಬಬೇಡಿ, ನಂಬರನ್ನು ನಂಬಿ. ಅಲ್ಟ್ರಾಮರೀನ್ ನೀಲಿ ಅಂದರೆ ಪಿಬಿ 29, ಥ್ಯಾಲೋ ನೀಲಿ ಅಂದರೆ ಪಿಬಿ 15, ತಂಪು ಹಳದಿಗೆ ಪಿವೈ 3, ಗುಲಾಬಿ ಕಡೆಯ ಕೆಂಪಿಗೆ ಪಿವಿ 19. ಇವುಗಳ ಜೊತೆ ಕಿತ್ತಳೆ ಕಡೆಗೆ ವಾಲುವ ಒಂದು ಹಳದಿ, ಅಂಥದೇ ಒಂದು ಕೆಂಪು ಸೇರಿದರೆ ಆರಾಯಿತು. ಏಳನೆಯದು ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು. ಅದು ಪಿಬಿಆರ್ 7 ಆಗಿರಬಹುದು, ಪಿಆರ್ 101 ಆಗಿರಬಹುದು, ಎರಡೂ ನಡೆಯುತ್ತವೆ.

ಎರಡು ನೀಲಿ ಯಾಕೆ ಅನ್ನುವುದಕ್ಕೆ ಉತ್ತರ ಪ್ಯಾಲೆಟ್ಟಿನಲ್ಲೇ ಸಿಗುತ್ತದೆ. ಥ್ಯಾಲೋ ಜೊತೆ ಪಿವೈ 3 ಬೆರೆಸಿದರೆ ಎಳೆ ಹುಲ್ಲಿನ ಹಸಿರು. ಅದೇ ಹಳದಿಗೆ ಅಲ್ಟ್ರಾಮರೀನ್ ಹಾಕಿದರೆ ಅದರೊಳಗಿನ ಕೆಂಪು ಛಾಯೆ ಹಸಿರನ್ನು ಮಂಕು ಮಾಡುತ್ತದೆ. ಮರಗಿಡ ಬರೆಯಲು ಆ ಮಂಕೂ ಬೇಕು ಅನ್ನಿ. ಕಪ್ಪು ಟ್ಯೂಬ್ ಬೇಡ. ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ ಎರಡನ್ನೂ ಗಟ್ಟಿಯಾಗಿ ಬೆರೆಸಿದರೆ ಕಪ್ಪಿಗೆ ಹತ್ತಿರದ ಗಾಢ ಬಣ್ಣ, ನೀರು ಹಾಕುತ್ತ ಹೋದರೆ ಬೂದು. ಬಿಳಿಯೂ ಬೇಡ, ಜಲವರ್ಣದಲ್ಲಿ ಬಿಳಿ ಅಂದರೆ ಮುಟ್ಟದೆ ಬಿಟ್ಟ ಕಾಗದ. ಸ್ಟೂಡೆಂಟ್ ಗ್ರೇಡ್ ಸಾಕು, 5 ಎಂಎಲ್ ಟ್ಯೂಬು ಸಾಕು. ಲೇಬಲ್ಲಿನಲ್ಲಿ ‘ಹ್ಯೂ’ ಅಂತಿದ್ದರೆ ಆ ಹೆಸರಿನ ಮೂಲ ಪಿಗ್ಮೆಂಟ್ ಅದರಲ್ಲಿಲ್ಲ, ಅದನ್ನು ಹೋಲುವ ಬೇರೇನೋ ಇದೆ. ಅದೇನೂ ಮೋಸವಲ್ಲ, ನಂಬರು ನೋಡಿ ತಗೊಂಡರಾಯಿತು. ಪಿಆರ್ 83 ಅಲಿಜರಿನ್ ಕೆಂಪು ಮಾತ್ರ ಬಿಟ್ಟುಬಿಡಿ, ಬೆಳಕಿಗೆ ಮಾಸುತ್ತದೆ.

ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಅಕ್ರಿಲಿಕ್ ಒಣಗಿದ ಮೇಲೆ ಒಂದು ಚೂರು ಗಾಢವಾಗುತ್ತದೆ. ಅದೇ ಕಾಗದದ ಒಂದು ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಬಣ್ಣ ಪರೀಕ್ಷಿಸಿ. ಬೇರೆ ಕಾಗದದ ಮೇಲೆ ನೋಡಿದ್ದು ಲೆಕ್ಕಕ್ಕಿಲ್ಲ.

12 ಬ್ರಶ್ಶಿನ ಕವರಿನಲ್ಲಿ ಅರ್ಧಕ್ಕರ್ಧ ಹಾಗ್ ಬ್ರಿಸಲ್ (ಹಂದಿಯ ಗಟ್ಟಿ ಕೂದಲಿನವು) ಇದ್ದವು. ಎಣ್ಣೆಬಣ್ಣ, ದಪ್ಪ ಅಕ್ರಿಲಿಕ್‌ಗೆ ಸರಿ. ಒದ್ದೆ ಹಾಳೆಯ ಮೇಲೆ ಆಡಿಸಿದರೆ ಮೈ ಕೆರೆದು ಹಾಕುತ್ತವೆ. ಅವತ್ತಿನ ಉಂಡೆಗಳಲ್ಲಿ ಅವುಗಳ ಪಾಲೂ ಇತ್ತು. ಜಲವರ್ಣಕ್ಕೆ ಸಿಂಥೆಟಿಕ್ ರೌಂಡ್ 4 ಮತ್ತು 8, ಒಂದಿಂಚಿನ ಫ್ಲ್ಯಾಟ್. ನಂಬರು ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಎಲ್ಲ ಒಂದೇ ಕಂಪನಿಯದಿರಲಿ. ಹೊಸ ಬ್ರಶ್ಶಿನ ತುದಿ ಅಂಟಿನಿಂದ ಗಟ್ಟಿಯಾಗಿರುತ್ತದೆ, ನೋಡಿ ಮರುಳಾಗಬೇಡಿ. ನೀರಿನಲ್ಲಿ ಅದ್ದಿ ಅಂಟು ಬಿಡಿಸಿ, ಒಮ್ಮೆ ಕೊಡವಿ. ತಾನಾಗಿಯೇ ಮೊನೆ ಕೂಡಿದರೆ ಒಳ್ಳೆಯದು, ಎರಡಾಗಿ ಸೀಳಿದರೆ ವಾಪಸ್. ಕೂದಲನ್ನು ಹಿಡಿಗೆ ಸೇರಿಸುವ ಲೋಹದ ಫೆರೂಲನ್ನು ಹಿಡಿದು ತಿರುಗಿಸಿ ನೋಡಿ, ಅಲ್ಲಾಡಬಾರದು. ನೀರಿನ ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿಟ್ಟರೆ ಕೂದಲು ಸೊಟ್ಟಗಾಗುವುದಲ್ಲದೆ, ಹಿಡಿಯ ಮರ ಉಬ್ಬಿ ಬಣ್ಣ ಬಿರಿದು ಫೆರೂಲ್ ಸಡಿಲವಾಗುತ್ತದೆ. ನೀರಿಗೆ ಡಬ್ಬಿ ಎರಡು: ಒಂದು ತೊಳೆಯಲು, ಒಂದು ಬೆರೆಸಲು. ಪ್ಯಾಲೆಟ್ಟಿನ ದುಡ್ಡು ಉಳಿಸಬಹುದು, ಬಿಳಿ ಪಿಂಗಾಣಿ ತಟ್ಟೆ ಸಾಕು. ಹೊಸ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಹರಡದೆ ಹನಿಯಾಗಿ ನಿಲ್ಲುತ್ತದೆ.

ಅಕ್ರಿಲಿಕ್ ಬ್ಯಾಚಿಗೆ ಬ್ರಶ್ಶು ಬೇರೆಯೇ ಇಂಡೆಂಟ್ ಮಾಡಬೇಕು, ಹಂಚಿಕೊಳ್ಳುವ ಮಾತಿಲ್ಲ. ಅದು ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಫೆರೂಲಿನ ಬುಡದಲ್ಲಿ ಒಮ್ಮೆ ಕೂತರೆ ಕೂದಲು ಕೆದರಿಕೊಂಡೇ ಇರುತ್ತದೆ. ಎಣ್ಣೆಬಣ್ಣ ಶುರುವಿನ ಪಟ್ಟಿಗೇ ಬೇಡ: ಪ್ರೈಮ್ ಮಾಡಿದ ಕ್ಯಾನ್ವಾಸು, ಲಿನ್‌ಸೀಡ್ (ಅಗಸೆ) ಎಣ್ಣೆ, ಸಾಲ್ವೆಂಟು, ಗಾಳಿಯಾಡುವ ಕೋಣೆ, ಇಷ್ಟೂ ಬೇಕು. ಲಿನ್‌ಸೀಡ್ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರೆ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಬೇಕು, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರಿನೊಳಗೆ ಮುಳುಗಿಸಿಡಬೇಕು. ಆ ಡಬ್ಬಿಯೂ ಇಂಡೆಂಟಿನಲ್ಲಿ ಬರೆದರೆ ಮಾತ್ರ ಬರುತ್ತದೆ.