ದೊಡ್ಡಣ್ಣನ ಕಡೆ

ವರ್ಷದ ಕೊನೆಗೆ ಒಟ್ಟಿಗೆ ಹತ್ತು ದಿನ ರಜೆ ಸಿಕ್ಕಿತು. ಅಕ್ಕನ ಮನೆಗೆ ಹೊರಡುವಾಗ ಬ್ಯಾಗಿನ ತಳಕ್ಕೆ ಒಂದು ದಪ್ಪ ಇತಿಹಾಸದ ಪುಸ್ತಕ ಸೇರಿಸಿದೆ. 800 ಪುಟ. ಮೂರು ರಜೆಗಳಿಂದ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಪ್ರತಿ ಸಲವೂ 40ನೇ ಪುಟದ ಹತ್ತಿರ ಯಾವನೋ ರಾಜ ಸಾಯುತ್ತಾನೆ, ನನಗೂ ಅಲ್ಲೇ ನಿದ್ದೆ ಬರುತ್ತದೆ.

ಅಕ್ಕನ ಮಗಳಿಗೆ ಈಗ 15. ಅವಳ ಕೋಣೆಯಲ್ಲೇ ನನಗೂ ಹಾಸಿಗೆ. ಮೊದಲ ದಿನವೇ ನನ್ನ ಪುಸ್ತಕ ಎತ್ತಿ ತೂಕ ನೋಡಿದಳು.

“ಚಿಕ್ಕಿ, ಇದನ್ನ ನಿಜವಾಗ್ಲೂ ಓದ್ತೀಯಾ, ಇಲ್ಲಾ ಸುಮ್ನೆ ಜೊತೆಗಿರಲಿ ಅಂತ ತಂದಿದ್ದೀಯಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ತನ್ನ ಕಪಾಟಿನಿಂದ ಒಂದು ಪುಸ್ತಕ ತೆಗೆದು ನನ್ನ ಮಡಿಲಿಗೆ ಹಾಕಿದಳು. “ಒಂದು ಗಂಟೆ ಸಾಕು ಇದಕ್ಕೆ. ಇಷ್ಟ ಆಗ್ಲಿಲ್ಲ ಅಂದ್ರೆ ನಿನ್ನ ರಾಜನ ಹತ್ರಾನೇ ವಾಪಸ್ ಹೋಗು.”

ಯಂಗ್ ಅಡಲ್ಟ್ ಕಾದಂಬರಿ ಅಂದರೆ ಮಕ್ಕಳ ಪುಸ್ತಕಕ್ಕೆ ಉದ್ದ ಪ್ಯಾಂಟ್ ಹಾಕಿಸಿದ್ದು ಅಂತ ನಾನು ತಿಳಿದಿದ್ದೆ. 12ರಿಂದ 18 ವರ್ಷದವರಿಗಾಗಿ ಬರೆಯುವ ಕಥೆಗಳು. ನನಗೆ 44. ಅವಳ ಮನಸ್ಸಿಗೆ ಬೇಜಾರಾಗಬಾರದು ಅಂತ ನಾಲ್ಕು ಪುಟ ತಿರುಗಿಸೋಣ ಎಂದುಕೊಂಡೆ.

ಅದು ಜೇಸನ್ ರೆನಾಲ್ಡ್ಸ್ ಬರೆದ ‘ಲಾಂಗ್ ವೇ ಡೌನ್’. 2017ರ ಪುಸ್ತಕ. ನೋಡಲು ದಪ್ಪ, ಮುನ್ನೂರು ಪುಟ ದಾಟುತ್ತದೆ. ಒಳಗೆ ನೋಡಿದರೆ ಪುಟಕ್ಕೆ ಕೆಲವೇ ಸಾಲು, ಇಡೀ ಕಥೆ ಪದ್ಯದ ಹಾಗೆ ತುಂಡು ತುಂಡಾಗಿ ಇಳಿಯುತ್ತದೆ. 15 ವರ್ಷದ ಹುಡುಗ. ಅವನ ಅಣ್ಣನನ್ನು ಯಾರೋ ಗುಂಡಿಟ್ಟು ಕೊಂದಿದ್ದಾರೆ. ಸೇಡು ತೀರಿಸಿಕೊಳ್ಳಲು ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಲಿಫ್ಟ್ ಹತ್ತುತ್ತಾನೆ. ಲಿಫ್ಟ್ ಕೆಳಗೆ ಬರಲು ಬೇಕಾದದ್ದು ಬರೀ 60 ಸೆಕೆಂಡು. ಅಷ್ಟರಲ್ಲಿ ಒಂದೊಂದು ಮಹಡಿಯಲ್ಲೂ ಲಿಫ್ಟ್ ನಿಲ್ಲುತ್ತದೆ, ಹಿಂದೆ ಇದೇ ಥರ ಸತ್ತವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಆ ಒಂದು ನಿಮಿಷದಲ್ಲೇ ಪೂರ್ತಿ ಕಾದಂಬರಿ.

ನನಗೆ ಒಂದೂವರೆ ಗಂಟೆ ಬೇಕಾಯಿತು. ಕೊನೆಯ ಪುಟ ಓದಿ, ಇನ್ನೂ ಏನಾದರೂ ಇದೆಯಾ ಎಂದು ಹಾಳೆ ತಿರುಗಿಸಿದೆ. ಖಾಲಿ. ಎದುರಿನ ಹಾಸಿಗೆಯಿಂದ ನಗು ಕೇಳಿತು. ಅವಳು ಆ ಕ್ಷಣಕ್ಕೇ ಕಾಯುತ್ತಿದ್ದಳು ಅಂತ ಕಾಣುತ್ತದೆ.

ಅಲ್ಲಿಂದ ಮುಂದೆ ರಜೆಯ ಲಗಾಮು ಅವಳ ಕೈಗೆ ಹೋಯಿತು.

ಮೊದಲೆರಡು ದಿನ ಸ್ವಲ್ಪ ನಾಚಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಭಾವ ಕೋಣೆಗೆ ಇಣುಕಿದರೆ ಮುಖಪುಟ ಕೆಳಗೆ ಮಾಡಿ ಇಡುತ್ತಿದ್ದೆ. ಅದನ್ನು ಗಮನಿಸಿದ ಹುಡುಗಿ ಎಲ್ಲಿಂದಲೋ ಒಂದು ಲೆಕ್ಕ ಹುಡುಕಿ ತಂದು ಓದಿ ಹೇಳಿದಳು. 2012ರಲ್ಲಿ ಅಮೆರಿಕದ ಬೌಕರ್ ಎಂಬ ಸಂಸ್ಥೆ ವಿಚಾರಿಸಿ ನೋಡಿದಾಗ, ಹದಿಹರೆಯದವರಿಗೆ ಅಂತ ಬರುವ ಪುಸ್ತಕಗಳನ್ನು ಕೊಳ್ಳುವವರಲ್ಲಿ 55% ಜನ 18 ದಾಟಿದವರಂತೆ. ಅದರಲ್ಲೂ 30ರಿಂದ 44ರವರದ್ದೇ ದೊಡ್ಡ ಗುಂಪು. ಮಕ್ಕಳಿಗೆ ಕೊಡಿಸಲು ಕೊಂಡಿರಬಹುದು ಅಂದೆ. ಇಲ್ಲವಂತೆ, ಬಹುಪಾಲು ಸ್ವಂತ ಓದಿಗೇ. “44ಕ್ಕೆ ಲಿಸ್ಟ್ ಮುಗಿಯುತ್ತೆ ಚಿಕ್ಕಿ, ನೀನು ಸರಿಯಾಗಿ ಕಡೇ ಬಸ್ಸು ಹತ್ತಿದೀಯಾ,” ಎಂದಳು.

ಎಲ್ಲವೂ ಹಿಡಿಸಿತು ಅಂತಲ್ಲ. ಮೂರು ಭಾಗಗಳ ಒಂದು ಕಥೆ ಕೊಟ್ಟಳು. ಒಬ್ಬ ಹುಡುಗಿ, ಒಂದು ಕೆಟ್ಟ ಸರ್ಕಾರ, ಅವಳನ್ನು ಪ್ರೀತಿಸುವ ಇಬ್ಬರು ಹುಡುಗರು. ಸರ್ಕಾರ ಬೀಳುವುದಕ್ಕಿಂತ ಯಾವ ಹುಡುಗ ಎಂಬ ತೀರ್ಮಾನಕ್ಕೇ ಜಾಸ್ತಿ ಪುಟ. ಮೊದಲ ಭಾಗದ ಅರ್ಧಕ್ಕೆ ಕೈಬಿಟ್ಟೆ. ಅವಳಿಗೂ ಅದು ಅಷ್ಟಕ್ಕಷ್ಟೇ ಅಂತ ಆಮೇಲೆ ಗೊತ್ತಾಯಿತು. ನನ್ನ ಪರೀಕ್ಷೆ ಮಾಡಿದ್ದಳಂತೆ.

ಆದರೆ ಓದುತ್ತಾ ಓದುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಪುಸ್ತಕಗಳಲ್ಲಿ ಹೆಚ್ಚಿನವು ‘ನಾನು’ ಅಂತಲೇ ಮಾತಾಡುತ್ತವೆ. ಎಷ್ಟೋ ಪುಸ್ತಕಗಳು ವರ್ತಮಾನ ಕಾಲದಲ್ಲೇ ನಡೆಯುತ್ತವೆ. ‘ಬಾಗಿಲು ತೆರೆದೆ’ ಅಲ್ಲ, ‘ಬಾಗಿಲು ತೆರೆಯುತ್ತೇನೆ’. ಬಾಗಿಲ ಆಚೆ ಏನಿದೆ ಅಂತ ಕಥೆ ಹೇಳುವವಳಿಗೂ ಗೊತ್ತಿಲ್ಲ. ದೊಡ್ಡವರ ಕಾದಂಬರಿಗಳಲ್ಲಿ ಬಾಲ್ಯದ ಕಥೆ ಹೇಳುವವರು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಕುರ್ಚಿಗೆ ಒರಗಿ ಹೇಳುತ್ತಾರೆ. ಇಲ್ಲಿ ಒರಗಲು ಕುರ್ಚಿಯೇ ಇಲ್ಲ. ಏದುಸಿರಲ್ಲೇ ಹೇಳಬೇಕು.

ನಾಲ್ಕನೇ ದಿನ ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ ಬಂತು. 1999ರದ್ದು. ಕೊಡುವಾಗ ಅವಳ ದನಿ ಸ್ವಲ್ಪ ಬದಲಾಗಿತ್ತು. “ಇದು ಕಷ್ಟ ಆಗುತ್ತೆ. ನಿಲ್ಲಿಸ್ಬೇಕು ಅನ್ನಿಸಿದ್ರೆ ನಿಲ್ಸು, ಪರವಾಗಿಲ್ಲ.” ಅವಳಿಗೆ ನಾನು ಹೇಳಬೇಕಾದ ಮಾತು.

ಮೆಲಿಂಡಾ ಎಂಬ ಹುಡುಗಿ ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಗೆಳತಿಯರೆಲ್ಲ ದೂರವಾಗಿದ್ದಾರೆ. ಬೇಸಿಗೆಯ ಒಂದು ಪಾರ್ಟಿಗೆ ಅವಳು ಪೊಲೀಸರನ್ನು ಕರೆಸಿದ್ದಳು ಎಂಬ ಸಿಟ್ಟು. ಯಾಕೆ ಕರೆಸಿದಳು ಅಂತ ಒಬ್ಬರೂ ಕೇಳಲಿಲ್ಲ. ಅವಳ ಮೇಲೆ ಅತ್ಯಾಚಾರ ಆಗಿತ್ತು. ಹೇಳಲಾಗದೆ ನಿಧಾನವಾಗಿ ಮಾತೇ ಬಿಡುತ್ತಾಳೆ. ನನಗೆ ಉಸಿರು ಕಟ್ಟಿದ್ದು ಒಂದು ಸಣ್ಣ ವಿವರಕ್ಕೆ. ಆ ಮನೆಯಲ್ಲಿ ಅಪ್ಪ, ಅಮ್ಮ, ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ಮಾತಾಡಿಕೊಳ್ಳುತ್ತಾರೆ. ಎಷ್ಟು ಹೊತ್ತಿಗೆ ಬರುತ್ತೇನೆ, ಏನು ಬೇಕು, ಅಷ್ಟೇ. ನಾನು ನನ್ನ ಫೋನ್ ತೆಗೆದು ಮನೆಯವರಿಗೆ ಕಳಿಸಿದ ಹಿಂದಿನ ವಾರದ ಮೆಸೇಜುಗಳನ್ನು ನೋಡಿದೆ. ‘ಬರೋದು ಲೇಟ್.’ ‘ಸರಿ.’ ‘ಕೀ ತಗೊಂಡಿದೀಯಾ?’ ಫೋನ್ ಪಕ್ಕಕ್ಕಿಟ್ಟೆ.

ರಾತ್ರಿ ಅವಳನ್ನು ಕೇಳಿದೆ, “ಅಲ್ಲ ಕಣೇ, ಈ ಪುಸ್ತಕಗಳಲ್ಲಿ ಅಪ್ಪ ಅಮ್ಮಂದಿರೆಲ್ಲ ಎಲ್ಲಿಗೆ ಹೋಗ್ತಾರೆ? ಒಂದೋ ಸತ್ತಿರ್ತಾರೆ, ಇಲ್ಲಾ ಆಫೀಸಲ್ಲಿರ್ತಾರೆ, ಇಲ್ಲಾ ಮುಂದೆ ಇದ್ರೂ ಏನೂ ಕಾಣಿಸಲ್ಲ ಅವರಿಗೆ.”

“ಅವರಿಗೆ ಕಾಣಿಸಿಬಿಟ್ರೆ ಕಥೆ ಎಲ್ಲಿ ಆಗುತ್ತೆ?”

ಅಷ್ಟೇ ಉತ್ತರ. ಈ ಬಗೆಯ ಕಾದಂಬರಿಯ ಗುಟ್ಟನ್ನು ಒಂದೇ ಸಾಲಿನಲ್ಲಿ ಹೇಳಿ ಮಗ್ಗುಲಾದಳು. ನಿಜ ತಾನೇ. ಹುಡುಗನೋ ಹುಡುಗಿಯೋ ತಾನೇ ತೀರ್ಮಾನ ತೆಗೆದುಕೊಳ್ಳಬೇಕಾದರೆ ದೊಡ್ಡವರು ದಾರಿಯಿಂದ ಪಕ್ಕಕ್ಕೆ ಸರಿಯಲೇಬೇಕು. ಬರೆಯುವವರು ಹೇಗಾದರೂ ಮಾಡಿ ಅವರನ್ನು ಸರಿಸುತ್ತಾರೆ. ನನಗೆ ಗೊತ್ತಿಲ್ಲದೆ ಇದ್ದದ್ದು, ನಾನು ಈಗ ಆ ಸರಿಸಲ್ಪಟ್ಟವರ ಕಡೆ ನಿಂತು ಓದುತ್ತಿದ್ದೇನೆ ಅನ್ನುವುದು.

ಅದು ಗೊತ್ತಾದದ್ದು ಆರನೇ ರಾತ್ರಿ, ‘ದಿ ಔಟ್‌ಸೈಡರ್ಸ್’ ಓದುವಾಗ.

ಆ ಪುಸ್ತಕ ಕೊಡುವ ಮೊದಲು ಅವಳು ಬರೆದವಳ ಕಥೆ ಹೇಳಿದಳು, ಸ್ವಂತ ಗೆಳತಿಯ ಬಗ್ಗೆ ಹೇಳುವ ಹಾಗೆ. ಎಸ್. ಇ. ಹಿಂಟನ್ ಇದನ್ನು ಶುರು ಮಾಡಿದಾಗ 15 ವರ್ಷ, ಹೆಚ್ಚಿನ ಭಾಗ ಬರೆದದ್ದು 16ರಲ್ಲಿ. 1967ರಲ್ಲಿ ಅಚ್ಚಾದಾಗ 18. ಗಂಡುಹುಡುಗರ ಗ್ಯಾಂಗುಗಳ ಕಥೆ ಹುಡುಗಿ ಬರೆದದ್ದು ಅಂತ ಗೊತ್ತಾದರೆ ವಿಮರ್ಶೆ ಮಾಡುವ ಗಂಡಸರು ತಳ್ಳಿಹಾಕಬಹುದು ಅಂತ ಪ್ರಕಾಶಕರು ಬರೀ ಇನಿಶಿಯಲ್ ಹಾಕಿಸಿದರು. “ಮಜಾ ಏನು ಗೊತ್ತಾ? ಇದನ್ನ ಬರೀತಿದ್ದ ವರ್ಷಾನೇ ಅವಳಿಗೆ ಕಥೆ ಬರೆಯೋ ಕ್ಲಾಸಲ್ಲಿ ಡಿ ಗ್ರೇಡ್ ಬಂದಿತ್ತು!” ಈ ಮಾತು ಹೇಳುವಾಗ ಅವಳ ಮುಖ ಬೆಳಗುತ್ತಿತ್ತು. ತನ್ನ ಯಾವುದೋ ಮಾರ್ಕ್ಸ್ ನೆನಪಾಗಿರಬೇಕು.

ಮೂವರು ಅಣ್ಣತಮ್ಮಂದಿರು. ಅಪ್ಪ ಅಮ್ಮ ಅಪಘಾತದಲ್ಲಿ ಹೋಗಿದ್ದಾರೆ. ಕಥೆ ಹೇಳುವವನು ಕೊನೆಯವನು, 14 ವರ್ಷದ ಪೋನಿಬಾಯ್. ದೊಡ್ಡವನು ಡಾರಿ. ಕಾಲೇಜು ಓದಬೇಕಾದವನು ಈಗ ಮನೆಗಳ ಚಾವಣಿ ಹಾಕುವ ಕೆಲಸ ಮಾಡುತ್ತಿದ್ದಾನೆ. ಹುಡುಗರು ಏನಾದರೂ ತಕರಾರು ಮಾಡಿಕೊಂಡರೆ ಸರ್ಕಾರದವರು ಬಂದು ಮೂವರನ್ನೂ ಬೇರೆ ಮಾಡುತ್ತಾರೆ ಎಂಬ ಭಯ. ಅದಕ್ಕೇ ಸದಾ ಬೈಗುಳ. ಓದು ಅನ್ನುತ್ತಾನೆ, ತಲೆ ಉಪಯೋಗಿಸು ಅನ್ನುತ್ತಾನೆ. ಒಂದು ರಾತ್ರಿ ಪೋನಿಬಾಯ್ ಹೊರಗೆ ಬಯಲಲ್ಲಿ ನಿದ್ದೆ ಹೋಗಿ ಬಹಳ ತಡವಾಗಿ ಬರುತ್ತಾನೆ. ಡಾರಿ ಕೆನ್ನೆಗೆ ಹೊಡೆಯುತ್ತಾನೆ. ಇವನು ಓಡಿಹೋಗುತ್ತಾನೆ.

ಅಪ್ಪ ಹೋದಾಗ ನನಗೆ 13. ಅಕ್ಕನಿಗೆ 22. ಅಮ್ಮ ಆಮೇಲೆ ತುಂಬಾ ದಿನ ಅರ್ಧ ಮಾತ್ರ ನಮ್ಮ ಜೊತೆ ಇದ್ದಳು. ಅಕ್ಕ ಮುಂದೆ ಓದಬೇಕೆಂದು ತುಂಬಿಸಿಟ್ಟಿದ್ದ ಅರ್ಜಿ ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಸಿಕ್ಕಿದ ಕೆಲಸಕ್ಕೆ ಸೇರಿದಳು. ನನಗೆ ಅವಳ ಬಗ್ಗೆ ಆಗ ಇದ್ದ ಅಭಿಪ್ರಾಯ ನನ್ನ ಡೈರಿಯಲ್ಲಿ ಇದೆ. ‘ಇವಳು ಮನೆಯ ಜೈಲರ್.’ ಜೈಲರ್ ಕೆಳಗೆ ಎರಡು ಗೆರೆ.

ಒಂದು ಸಂಜೆ ಗೆಳತಿಯ ಮನೆಯಿಂದ ಬರುವಾಗ ಕತ್ತಲಾಗಿತ್ತು. ಆಗ ಮೊಬೈಲ್ ಎಲ್ಲಿ ಬರಬೇಕು. ಅಕ್ಕ ಗೇಟಿನ ಹತ್ತಿರ ನಿಂತಿದ್ದಳು. ಹೊಡೆಯಲಿಲ್ಲ, ಬೈಯಲೂ ಇಲ್ಲ. ನನ್ನನ್ನು ನೋಡಿದವಳೇ ತಿರುಗಿ ಒಳಗೆ ಹೋದಳು. ಅದು ನನಗೆ ದೊಡ್ಡ ಅವಮಾನ ಅನ್ನಿಸಿತು. ನಾಲ್ಕು ದಿನ ಅವಳ ಜೊತೆ ಮಾತು ಬಿಟ್ಟೆ.

ಕಾದಂಬರಿಯಲ್ಲಿ ಪೋನಿಬಾಯ್ ಮತ್ತೆ ಅಣ್ಣನನ್ನು ನೋಡುವುದು ಆಸ್ಪತ್ರೆಯಲ್ಲಿ. ಡಾರಿ ಅಳುತ್ತಿರುತ್ತಾನೆ. ಅಪ್ಪ ಅಮ್ಮನ ಹಾಗೆ ಇವನನ್ನೂ ಕಳೆದುಕೊಂಡೆ ಎಂದು ಹೆದರಿದ್ದ ಅನ್ನುವುದು ತಮ್ಮನಿಗೆ ಆಗ ಹೊಳೆಯುತ್ತದೆ. ನನಗೆ ಅದು ಮುಂಚೆಯೇ ಹೊಳೆದಿತ್ತು. ಪೋನಿಬಾಯ್ ಬೈದುಕೊಂಡು ಹೇಳುವ ಮಾತುಗಳ ಸಂದಿಯಲ್ಲೇ ಡಾರಿಯ ದಣಿವು ಕಾಣುತ್ತದೆ. ಹೇಳುವವನಿಗೆ ಕಾಣದ್ದು ಓದುವವರಿಗೆ ಕಾಣುವ ಹಾಗೆ ಬರೆಯುವುದು ಸುಲಭದ ಕೆಲಸವಲ್ಲ. 16ರ ಹುಡುಗಿ ಅದನ್ನು ಮಾಡಿದ್ದಾಳೆ. ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ನಾನು ಜೈಲರ್ ಕೆಳಗೆ ಗೆರೆ ಎಳೆಯುತ್ತಿದ್ದೆ.

ರಾತ್ರಿ ಒಂದೂವರೆ ಆಗಿತ್ತು. ಮೂಗು ಒರೆಸುವ ಸದ್ದಿಗೆ ಹುಡುಗಿ ಎದ್ದಾಳು ಅಂತ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟೆ.

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೇಳಿದಳು, “ಪೋನಿಬಾಯ್ ಇಷ್ಟ ಆದ್ನಾ?”

“ಡಾರಿ.”

“ಡಾರಿನಾ?” ಎದ್ದು ಕೂತಳು. “ಅಯ್ಯೋ ಚಿಕ್ಕಿ, ಅವನು ಬರೀ ಬೈತಾನೆ. ಥೇಟ್ ಅಮ್ಮನ ಥರ.”

“ಅವನಿಗೆ ಬರೀ 20 ಕಣೇ. ನಿನಗಿಂತ ಐದೇ ವರ್ಷ ದೊಡ್ಡವನು.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “20 ಅಂದ್ರೆ ದೊಡ್ಡೋರೇ ಅಲ್ವಾ?”

ನಾನು ಮಾತು ಬೆಳೆಸಲಿಲ್ಲ. 14ರಲ್ಲಿ ನನಗೂ 22 ಅಂದರೆ ಮುದುಕಿಯರ ವಯಸ್ಸು.

ಮಧ್ಯಾಹ್ನ ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಎದುರು ಕೂತು ನಾನೂ ಒಂದೆರಡು ಮಡಿಸಿದೆ. ಮೂವತ್ತು ವರ್ಷದ ಹಿಂದಿನದನ್ನು ಹೇಗೆ ಶುರು ಮಾಡುವುದು ಅಂತ ತಿಳಿಯದೆ ನೇರವಾಗಿ ಕೇಳಿಬಿಟ್ಟೆ.

“ಅಕ್ಕಾ, ಆವತ್ತು ನಾನು ಕತ್ತಲಾದ್ಮೇಲೆ ಬಂದಾಗ ಗೇಟ್ ಹತ್ರ ನಿಂತಿದ್ದೆಯಲ್ಲ, ಎಷ್ಟು ಹೊತ್ತಿನಿಂದ ನಿಂತಿದ್ದೆ?”

“ಯಾವ ಗೇಟು?”

“ಹಳೇ ಮನೇದು. ನಾನು ನಾಲ್ಕು ದಿನ ಮಾತು ಬಿಟ್ಟಿದ್ನಲ್ಲ.”

“ಮಾತು ಬಿಟ್ಟಿದ್ಯಾ?” ಅಕ್ಕ ದಿಂಬಿನ ಕವರ್ ಕೊಡವಿದಳು. “ನೀನು ವಾರಕ್ಕೆ ಎರಡು ಸಲ ಲೇಟಾಗಿ ಬರ್ತಿದ್ದೆ. ಅದರಲ್ಲಿ ಯಾವುದು ಅಂತ ನೆನಪಿಟ್ಕೊಳ್ಳಲಿ? ಆ ತುದಿ ಹಿಡ್ಕೋ.”

ಬೆಡ್‌ಶೀಟಿನ ತುದಿ ಹಿಡಿದುಕೊಂಡೆ. ಇಬ್ಬರೂ ಎಳೆದು, ಹತ್ತಿರ ಬಂದು, ಮಡಿಸಿದೆವು. ನಾನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ದೊಡ್ಡ ಘಟನೆ ಅವಳ ಲೆಕ್ಕದಲ್ಲಿ ಒಂದು ಮಾಮೂಲಿ ಸಂಜೆ.

ರಜೆ ಮುಗಿಯುವ ಹಿಂದಿನ ರಾತ್ರಿ ಕೊನೆಯ ಪುಸ್ತಕವನ್ನು ಇಬ್ಬರೂ ಒಟ್ಟಿಗೇ ಓದುತ್ತಿದ್ದೆವು. ಅವಳು ಬೇಗ ಓದುತ್ತಾಳೆ, ಪುಟದ ಕೊನೆಗೆ ಬಂದು ನನಗಾಗಿ ಬೆರಳು ಕುಣಿಸುತ್ತಾ ಕಾಯುತ್ತಾಳೆ. ಆನಿಸಿಕೊಳ್ಳಲು ಬೆನ್ನ ಹಿಂದೆ ದಿಂಬು ಸಾಲದೆ ನನ್ನ ಇತಿಹಾಸದ ಪುಸ್ತಕವನ್ನೂ ಸೇರಿಸಿಕೊಂಡಿದ್ದಳು. ಹನ್ನೆರಡರ ಹತ್ತಿರ ಬಾಗಿಲು ತೆರೆಯಿತು.

“ಇನ್ನೂ ಮಲಗಿಲ್ವಾ ಇಬ್ರೂ? ಗಂಟೆ ಎಷ್ಟು ನೋಡಿದೀರಾ? ನಾಳೆ ಬೆಳಿಗ್ಗೆ ಏಳೋರು ಯಾರು?”

ಟಪ್ ಅಂತ ಲೈಟ್ ಆರಿತು. ಅಕ್ಕನ ಹೆಜ್ಜೆ ಸದ್ದು ದೂರ ಹೋಯಿತು.

“ಡಾರಿ ಬಂದಿದ್ದ,” ಕತ್ತಲಲ್ಲಿ ಹುಡುಗಿ ಪಿಸುಗುಟ್ಟಿದಳು.

ಇನ್ನೂ 30 ಪುಟ ಬಾಕಿ ಇತ್ತು. ಮೊಬೈಲಿನ ಟಾರ್ಚ್ ಹಾಕಿಕೊಂಡು ಹೊದಿಕೆ ತಲೆಯ ಮೇಲೆ ಎಳೆದುಕೊಂಡೆವು.