ಮ್ಯೂನಿಕ್‌ನಲ್ಲೂ ಬಿಯರ್ ಮಾರಾಟ ಇಳೀತಿದೆ ಕಣ್ರೀ
ಮಡಿಕೇರಿ ಕಡೆ ನೆಂಟರು ಫೋನಲ್ಲಿ ಸಿಕ್ರೆ ಸಾಕು, "ಅಲ್ಲಿ ನೀರಿಗಿಂತ ಬಿಯರ್ ಚೀಪಂತೆ ಹೌದಾ?" ಅಂತಾರೆ. ಆಫರ್ ಇದ್ದಾಗ ಅರ್ಧ ಲೀಟರಿನ 20 ಬಾಟ್ಲಿ ಕ್ರೇಟು ಬಿಟ್ಟಿ ಅನ್ನೋ ರೇಟಿಗೆ ಸಿಗುತ್ತೆ ನಿಜ, ಆದ್ರೂ ಜನ ಮೊದಲಿನ ಥರ ಹೊತ್ಕೊಂಡು ಹೋಗ್ತಿಲ್ಲ, ಬ್ರೂವರಿಗಳಿಗೆ ಅದೇ ತಲೆನೋವು.

2025ರ ಮೊದಲ ಆರು ತಿಂಗಳಲ್ಲಿ ಜರ್ಮನಿಯ ಬ್ರೂವರಿಗಳು ಮಾರಿದ್ದು ಸುಮಾರು 390 ಕೋಟಿ ಲೀಟರ್. ಹಿಂದಿನ ವರ್ಷಕ್ಕಿಂತ ಶೇ 6.3 ಕಮ್ಮಿ, 1993ರಿಂದ ಇಟ್ಟಿರೋ ಲೆಕ್ಕದಲ್ಲಿ ಅರ್ಧ ವರ್ಷದ ಮಾರಾಟ 400 ಕೋಟಿಗಿಂತ ಕೆಳಗೆ ಬಿದ್ದಿದ್ದು ಇದೇ ಮೊದಲು. ಇದು 16 ವರ್ಷಕ್ಕೇ ಬಿಯರ್ ಕೊಳ್ಳಬಹುದಾದ ದೇಶ ನೋಡಿ! ಕುಡಿಯೋ ತಲೆಮಾರಿಗೆ ವಯಸ್ಸಾಯ್ತು, ಹುಡುಗ್ರಿಗೆ ಜಿಮ್ಮು, ನಿದ್ದೆ, ಆರೋಗ್ಯದ ಚಿಂತೆ, ಮೇಲಿಂದ ಎಲ್ಲ ರೇಟೂ ಏರಿದೆ. ನಮ್ಮ ಆಫೀಸ್ ಪಾರ್ಟಿಲಿ ಚಿಕ್ಕ ವಯಸ್ಸಿನೋರು ಸೋಡಾ ಬೆರೆಸಿದ ಆಪಲ್ ಜ್ಯೂಸ್ ಹಿಡ್ಕೊಂಡು ಆರಾಮಾಗಿರ್ತಾರೆ, ಯಾರೂ "ಯಾಕೋ ಕುಡಿಯಲ್ವಾ" ಅಂತ ಪ್ರಾಣ ತಿನ್ನಲ್ಲ. ನಮ್ಮ ಕೊಡಗಿನ ಮದುವೆ ಮನೇಲಿ ಹೀಗೆ ಬಿಡ್ತಾರಾ, ನೀವೇ ಹೇಳಿ.

ಏರ್ತಿರೋದು ಆಲ್ಕೋಹಾಲ್ ಇಲ್ದಿರೋ ಬಿಯರ್, ಮೇಲಿನ ಲೆಕ್ಕಕ್ಕೆ ಅದು ಸೇರಿಲ್ಲ. 2013ರಿಂದ 2023ಕ್ಕೆ ಇದರ ಉತ್ಪಾದನೆ ಡಬಲ್ ಆಗಿ 55 ಕೋಟಿ ಲೀಟರ್ ದಾಟ್ತು. ಪೂರ್ತಿ ಸೊನ್ನೆ ಅಂತಲ್ಲ, ಶೇ 0.5ರ ತನಕ ಇರಬಹುದು. ಮಾಮೂಲಿ ಬಿಯರ್ ಮಾಡಿ ವ್ಯಾಕ್ಯೂಮಲ್ಲಿ ಕಮ್ಮಿ ಬಿಸಿಗೇ ಆಲ್ಕೋಹಾಲ್ ಹಾರಿಸ್ತಾರೆ, ಇಲ್ಲಾಂದ್ರೆ ಹುದುಗು ಬರೋದನ್ನ ಮಧ್ಯದಲ್ಲೇ ನಿಲ್ಲಿಸ್ತಾರೆ. ಹಳೇ ಸಂಪ್ರದಾಯದ ಮ್ಯೂನಿಕ್ ಬ್ರೂವರಿ ಆಗುಸ್ಟಿನರ್‌ನೋರೇ 2024ರಲ್ಲಿ ಇದಕ್ಕೆ ಇಳಿದ್ರು ಅಂದ್ರೆ ಗಾಳಿ ಯಾವ ಕಡೆಗಿದೆ ಗೊತ್ತಾಗುತ್ತೆ.

ಹೋಂಸ್ಟೇ ಇಟ್ಟಿರೋ ನಮ್ಮ ಕಸಿನ್‌ಗೆ ಬ್ರೂವರಿ ಹಾಕೋ ಆಸೆ. ನಾನಂತೂ ಬೇಡ ಅಂದೆ. ನಮ್ಮಲ್ಲಿ ಕಥೆ ಬೇರೆ, 2023ರಲ್ಲೇ ಕರ್ನಾಟಕ ಸರ್ಕಾರ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕನ ಶೇ 175ರಿಂದ 185ಕ್ಕೆ ಏರಿಸ್ತು, ಜೇಬು ನೋಡ್ಕೊಂಡು ಕುಡಿಯೋರೇ ಜಾಸ್ತಿ. ಅದಕ್ಕಿಂತ ಘಾಟಿ ಇಳಿದು ಕಾರ್ ಓಡಿಸ್ಬೇಕಾದ ಗೆಸ್ಟ್‌ಗಳಿಗೆ ಅಂತ ಆಲ್ಕೋಹಾಲ್ ಇಲ್ದಿರೋ ಒಳ್ಳೇ ಬಿಯರ್ ಫ್ರಿಜ್ಜಲ್ಲಿ ಇಡು ಅಂದೆ. "ಪಂದಿಕರಿಗೆ ಅದು ಸೆಟ್ ಆಗುತ್ತಾ" ಅಂತ ನಕ್ಕ. ಗೋಧಿ ಬಿಯರಿಂದು ತರಿಸಿದ್ರೆ ಆಗುತ್ತೆ, ಲಾಗರ್ ಅನ್ನೋ ಮಾಮೂಲಿ ತಿಳಿ ಬಿಯರ್ ಆದ್ರೆ ಕರಿಗೆ ಹಾಕೋ ಕಾಚಂಪುಳಿ ಹುಳಿ ಮುಂದೆ ಸಪ್ಪೆ.