ಹಂಟರ್ ಡಯೋರಾಮಾ: ಈಗ ಧೂಳಿನ ಕೆಲಸ

ಹಿಲ್‌ಮನ್ ಹಂಟರ್ ಅನ್ನೋ ಹಳೆ ಕಾರಿನ ಪುಟ್ಟ ಮಾದರಿಯ ಮೈಗೆ ಬಣ್ಣ ಹಚ್ಚಿ ಮುಗಿಯಿತು. ಮುಂಬೈ ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಮಾಡಿದರೆ ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬೆಳ್ಳಗೆ ಮಸುಕು ಬರುತ್ತದೆ, ಅದಕ್ಕೇ ದಸರಾ ಕಳೆಯಲಿ ಅಂತ ಕಾದೆ. ಇನ್ನು ಕಾರು ನಿಲ್ಲುವ ಬೇಸ್ ಮತ್ತು ಧೂಳು. ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದೇ.

ಹೊಸದಾಗಿ ಓದುತ್ತಿರುವವರಿಗೆ ಹೇಳುತ್ತೇನೆ. ನಾನು ಮಾಡುತ್ತಿರುವುದು 1968ರ ಲಂಡನ್–ಸಿಡ್ನಿ ಮ್ಯಾರಥಾನ್ ಕಾರ್ ರ‍್ಯಾಲಿಯ ಒಂದು ದಿನದ ಡಯೋರಾಮಾ, ಅಂದರೆ ಆ ದೃಶ್ಯದ ಪುಟ್ಟ ಮಾದರಿ. 1:24 ಅಳತೆ, ಕಾರು ಸುಮಾರು 18 ಸೆಂಟಿಮೀಟರ್ ಉದ್ದ. ನವೆಂಬರ್ 24ರಂದು ಲಂಡನ್ನಿನಿಂದ ಹೊರಟ ಕಾರುಗಳು ಟರ್ಕಿ, ಇರಾನ್, ಅಫ್ಘಾನಿಸ್ತಾನ, ದೆಹಲಿ ದಾಟಿ ನಮ್ಮ ಬಾಂಬೆಗೆ ಬಂದವು. ಇಲ್ಲಿಂದ ಚೂಸಾನ್ ಅನ್ನೋ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ. ಡಿಸೆಂಬರ್ 14ರಂದು ಪರ್ತ್‌ನಿಂದ ಮತ್ತೆ ಓಟ, 17ಕ್ಕೆ ಸಿಡ್ನಿ. ಹಂಟರ್‌ನಲ್ಲಿ ಇದ್ದವರು ಆಂಡ್ರ್ಯೂ ಕೋವನ್, ಕಾಲಿನ್ ಮಾಲ್ಕಿನ್, ಬ್ರಯಾನ್ ಕಾಯ್ಲ್. ಗೆದ್ದವರೂ ಅವರೇ.

ನಾನು ಆರಿಸಿಕೊಂಡಿದ್ದು ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಗಳ ದಿನ. ನಲ್ಲರ್ಬರ್ ಬಯಲು ದಾಟಿದ ಮೇಲೆ ಕ್ವಾರ್ನ್, ಅಲ್ಲಿಂದ ಮೊರಲಾನಾ ಕ್ರೀಕ್, ಆಮೇಲೆ ಬ್ರಾಚಿನಾ ಕಣಿವೆ. ಊರಿಲ್ಲ, ಡಾಂಬರಿಲ್ಲ, ದಾರಿ ಒಣಗಿದ ಹಳ್ಳಗಳಿಗೆ ಇಳಿದು ಇಳಿದು ಏಳುತ್ತದೆ. ಆ ಕಡೆಯ ಒಳನಾಡಿನ ರಸ್ತೆಗಳಲ್ಲಿ ಬುಲ್‌ಡಸ್ಟ್ ಅಂತ ಒಂದು ಧೂಳು ಇದೆ, ಟಾಲ್ಕಂ ಪೌಡರ್‌ನಷ್ಟು ನುಣ್ಣಗೆ. ಅದು ಗುಂಡಿ ತುಂಬಿಕೊಂಡು ರಸ್ತೆ ಸಪಾಟಾಗಿದೆ ಅನ್ನಿಸುವ ಹಾಗೆ ಮಾಡುತ್ತದೆ. ಗುಂಡಿ ಗೊತ್ತಾಗೋದು ಸಸ್ಪೆನ್ಷನ್ ಬಡಿದಾಗಲೇ.

ರ‍್ಯಾಲಿ ಡಯೋರಾಮಾ ಅಂದ ಕೂಡಲೇ ಎಲ್ಲರೂ ಕಾರನ್ನು ಗಾಳಿಯಲ್ಲಿ ಹಾರಿಸುತ್ತಾರೆ. ನಾನು ಹಾರಿಸುವುದಿಲ್ಲ. ನನ್ನ ಹಂಟರ್‌ನ ನಾಲ್ಕೂ ಚಕ್ರ ನೆಲದ ಮೇಲಿರುತ್ತವೆ, ಹಳ್ಳಕ್ಕೆ ಹುಷಾರಾಗಿ ಇಳಿಯುತ್ತಿರುತ್ತದೆ. ಬಾಂಬೆಗೆ ಬಂದಾಗ ಮುಂದಿದ್ದವನು ರೋಜರ್ ಕ್ಲಾರ್ಕ್, ಅವನ ಕಾರು ಆಸ್ಟ್ರೇಲಿಯಾದಲ್ಲಿ ಕೈಕೊಟ್ಟಿತು. ಆಮೇಲೆ ಮುಂದೆ ಬಂದ ಲೂಸಿಯನ್ ಬಿಯಾಂಕಿಯ ಸಿಟ್ರೊಯೆನ್, ಇನ್ನೇನು ಸಿಡ್ನಿ ಬಂತು ಅನ್ನುವಾಗ ನೌರಾ ಹತ್ತಿರ ಎದುರಿನಿಂದ ಬಂದ ಮಿನಿ ಕಾರಿಗೆ ಡಿಕ್ಕಿಯಾಯಿತು. ಗಾಯಗೊಂಡವರ ಸಹಾಯಕ್ಕೆ ಗಾಡಿ ನಿಲ್ಲಿಸಿದ ಪ್ಯಾಡಿ ಹಾಪ್‌ಕರ್ಕ್ ಎರಡನೆಯವನಾದ. ಕೋವನ್ ತಂಡ ಕಾರನ್ನು ಉಳಿಸಿಕೊಂಡು ಗೆದ್ದಿತು, ಅದಕ್ಕೆ ಅದು ನೆಲದ ಮೇಲೆಯೇ ಕಾಣಬೇಕು. ಹಂಟರ್ ಅಷ್ಟೇನೂ ವೇಗದ ಕಾರಲ್ಲ, 1725 ಸಿಸಿಯ ಸಾಧಾರಣ ಮನೆಮಂದಿಯ ಗಾಡಿ. ಇರಾನಿನಲ್ಲಿ 1967ರಿಂದ ಪೇಕಾನ್ ಅಂತ ತಯಾರಾಗಿದ್ದು ಇದೇ ಕಾರು.

ಈಗ ಮಣ್ಣು. ಮಾಥೇರಾನ್‌ನಿಂದ ತಂದ ಕೆಂಪು ಮಣ್ಣನ್ನು ಒಣಗಿಸಿ, ಕುಟ್ಟಿ, ಹಳೆ ಪಂಚೆಯಲ್ಲಿ ಜರಡಿ ಹಿಡಿದೆ. ಕಾರುಗಳಿಗೆ ಪ್ರವೇಶವೇ ಇಲ್ಲದ ಬೆಟ್ಟದ ಮಣ್ಣು ರ‍್ಯಾಲಿ ಕಾರಿಗೆ ಬಂತು. ಬಣ್ಣ ಸ್ವಲ್ಪ ಕಪ್ಪಾಯಿತು ಅನ್ನಿಸಿದ್ದಕ್ಕೆ ಹಳದಿ ಚಾಕ್ ಪುಡಿ ಬೆರೆಸಿದೆ. ಬ್ರಾಚಿನಾದ ಬಂಡೆಗಳು ಪದರ ಪದರವಾಗಿ ಓರೆಯಾಗಿ ಎದ್ದಿವೆ, ಅದಕ್ಕೆ ಕಾರ್ಕ್ ಶೀಟನ್ನು ಕತ್ತರಿಸದೆ ಕೈಯಲ್ಲೇ ಮುರಿದು ಜೋಡಿಸಿದೆ. ಹಳ್ಳದ ತಳದಲ್ಲಿ ಮಾತ್ರ ನುಣುಪಾದ ಉರುಟು ಕಲ್ಲು, ಯಾಕೆಂದರೆ ಅವು ನೀರಿನಲ್ಲಿ ಉರುಳಿ ಬಂದವು. ಅಲ್ಲಿ ರಿವರ್ ರೆಡ್ ಗಮ್ ಅನ್ನೋ ನೀಲಗಿರಿ ಜಾತಿಯ ಮರಗಳು ಹಳ್ಳದೊಳಗೇ ಬೆಳೆಯುತ್ತವೆ. ನಮ್ಮ ಸೊಸೈಟಿಯ ಪೇರಳೆ ಮರದ ರೆಂಬೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ, ತೊಗಟೆ ಹಾಗೇ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ.

ಧೂಳನ್ನು ಸುಮ್ನೆ ಉದುರಿಸಿದರೆ ಸುಳ್ಳು ಅನ್ನಿಸುತ್ತದೆ. ಕಾರು ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಚಕ್ರ ಎಬ್ಬಿಸಿದ ಧೂಳನ್ನು ಆ ಜಾಗ ಎಳೆದುಕೊಳ್ಳುತ್ತದೆ. ಹಾಗಾಗಿ ಡಿಕ್ಕಿ, ಹಿಂದಿನ ಗಾಜು, ದೀಪಗಳ ಮೇಲೆ ದಪ್ಪ ಪದರ, ಬಾನೆಟ್ ಮೇಲೆ ತೆಳ್ಳಗೆ. ಮುಂಭಾಗದಲ್ಲಿ ಧೂಳಿಗಿಂತ ಕಲ್ಲೇಟು ಜಾಸ್ತಿ, ಅವನ್ನು ಸೂಜಿ ಮೊನೆಯಿಂದ ಒಂದೊಂದೇ ಚುಚ್ಚಿದೆ. ಬಾಗಿಲಿನ ಸಂದಿಗೆ ಒಣ ಕುಂಚದಲ್ಲಿ ಪುಡಿ ಒತ್ತಿ, ಮೇಲಿಂದ ಬೆರಳಲ್ಲಿ ಒರೆಸಿದೆ. ಕಾಂಗರೂ ಅಡ್ಡ ಬಂದರೆ ತಡೆಯಲು ಮುಂದೆ ಇರುವ ಕಂಬಿಗೆ ಎರಡು ಮಿಲಿಮೀಟರ್ ತಾಮ್ರದ ತಂತಿ ಬಗ್ಗಿಸಿ ಬೆಸುಗೆ ಹಾಕಿದ್ದೇನೆ.

ಭಾವಮೈದ ಭಿವಂಡಿಯಿಂದ ಹುಬ್ಬಳ್ಳಿಗೆ ಲಾರಿ ಓಡಿಸುತ್ತಾನೆ. ಮೊನ್ನೆ ಬಂದವನು ಕಾರನ್ನು ತುಂಬಾ ಹೊತ್ತು ತಿರುಗಿಸಿ ನೋಡಿದ.

"ಭಾವ, ಹಿಂದಿನ ಟೇಲ್ ಲೈಟನ್ನು ಯಾರೋ ಕೈಯಲ್ಲಿ ಒರೆಸಿದ ಹಾಗೆ ಮಾಡಿ. ನಾವು ಗಾಡಿ ನಿಲ್ಲಿಸಿದಾಗಲೆಲ್ಲ ಮೊದಲು ಮಾಡೋದು ಅದೇ."

ಮಾಡಿದೆ. ಒದ್ದೆ ಇಯರ್‌ಬಡ್‌ನಿಂದ ಒಂದೇ ಸಲ, ಓರೆಯಾಗಿ. ಇಡೀ ಕಾರಿನಲ್ಲಿ ನನಗೆ ಈಗ ಅದೇ ತುಂಬಾ ಇಷ್ಟ, ಒಳಗೆ ಮನುಷ್ಯರಿದ್ದಾರೆ ಅಂತ ಗೊತ್ತಾಗುತ್ತದೆ.

ಇದಾದ ಮೇಲೆ ಅದೇ ರ‍್ಯಾಲಿಯ ಕ್ಲಾರ್ಕ್‌ನ ಕಾರು, ಲೋಟಸ್ ಕೋರ್ಟಿನಾ. ಡಿಫರೆನ್ಷಿಯಲ್, ಅಂದರೆ ಹಿಂದಿನ ಆಕ್ಸಲ್‌ನಲ್ಲಿ ಚಕ್ರಗಳಿಗೆ ಎಂಜಿನ್‌ನ ಶಕ್ತಿ ಹಂಚುವ ಗೇರುಗಳು, ಹೋದಾಗ ಅವನು ರಸ್ತೆ ಬದಿಯಲ್ಲಿ ಕಂಡ ಇನ್ನೊಂದು ಕೋರ್ಟಿನಾದ ಮಾಲೀಕನನ್ನು ಒಪ್ಪಿಸಿ, ಅದರ ಹಿಂದಿನ ಆಕ್ಸಲ್ ಕೊಂಡು ಹಾಕಿಸಿಕೊಂಡು ಮುಂದೆ ಹೋದ. ಎರಡು ಕೋರ್ಟಿನಾ ಅಕ್ಕಪಕ್ಕ, ಒಂದಕ್ಕೆ ಹಿಂದಿನ ಚಕ್ರಗಳೇ ಇಲ್ಲ. ಲೀಫ್ ಸ್ಪ್ರಿಂಗ್‌ಗೆ ಹಿತ್ತಾಳೆ ಹಾಳೆ ಕತ್ತರಿಸಲು ಶುರು ಮಾಡಿದ್ದೇನೆ. ಮಾರ್ಕ್ 2 ಕೋರ್ಟಿನಾದ ಅಡಿಭಾಗದ ಒಳ್ಳೆ ಫೋಟೊ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ, ಅದರಲ್ಲೂ ಡಿಫರೆನ್ಷಿಯಲ್ ಸುತ್ತಮುತ್ತಲಿನದು.